ಒಂಬತ್ತನೇ ರೀಲಿನ ಹೊಸ್ತಿಲು

ಬಾಯಿ ಮುಚ್ಚದೆ ‘ಬ’ ಎನ್ನಲು ಬರುವುದಿಲ್ಲ. ಬೇಕಾದರೆ ಈಗಲೇ ಅಂದು ನೋಡಿ. ಪ, ಬ, ಮ ಮೂರಕ್ಕೂ ತುಟಿಗಳು ಒಮ್ಮೆ ಕೂಡಿ ಬಿಡಲೇಬೇಕು. ‘ಹ’ಕ್ಕೆ, ‘ಗ’ಕ್ಕೆ ಆ ಹಂಗಿಲ್ಲ. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ಮಾತು ಹೊಂದಿಸಿ ಬರೆಯುವ ನನ್ನ ಕೆಲಸ ನಿಂತಿರುವುದೇ ಈ ನಿಯಮದ ಮೇಲೆ. ಪರದೆಯ ಮೇಲೆ ತುಟಿ ಕೂಡಿದಾಗ ನನ್ನ ಮಾತಿನಲ್ಲೂ ಅಂಥದೊಂದು ಅಕ್ಷರ ಬೀಳಬೇಕು. ಬೀಳದಿದ್ದರೆ, ಏನು ತಪ್ಪಿದೆ ಎಂದು ನೋಡುವವರಿಗೆ ಗೊತ್ತಾಗದಿದ್ದರೂ ಏನೋ ತಪ್ಪಿದೆ ಎಂದು ಗೊತ್ತಾಗಿಯೇ ಆಗುತ್ತದೆ.

ಬಾಗಲಕೋಟೆಯ ವಿತರಕರೊಬ್ಬರು ಹಳೆಯ ಕಪ್ಪು-ಬಿಳುಪು ಗೂಢಚಾರಿ ಚಿತ್ರವೊಂದನ್ನು ಮತ್ತೆ ಬಿಡುಗಡೆ ಮಾಡಲು ಹೊರಟಿದ್ದರು. ಅದಕ್ಕೆ ಗಂಭೀರವಾದ ಹೆಸರೊಂದಿದೆ. ನಮ್ಮ ಕಡೆ ಯಾರೂ ಆ ಹೆಸರು ಹೇಳುವುದಿಲ್ಲ. ಹುನಗುಂದದ ನಮ್ಮ ಓಣಿಯಿಂದ ಇಳಕಲ್ಲಿನ ಬಸ್ ಸ್ಟ್ಯಾಂಡಿನವರೆಗೆ ಅದು ‘ಬಾದಾಮಿ ಪಿಚ್ಚರ್’. ಅರ್ಧ ಚಿತ್ರ ಬಾದಾಮಿಯ ಗುಡ್ಡ, ಹೊಂಡ, ಓಣಿಗಳಲ್ಲೇ ತೆಗೆದದ್ದು. ಉಳಿದಿದ್ದ ಒಂದೇ ಪ್ರಿಂಟನ್ನು ಸ್ಕ್ಯಾನ್ ಮಾಡಿಸಿ ತಂದಾಗ, ಒಂಬತ್ತನೆಯ ರೀಲೊಂದನ್ನು ಬಿಟ್ಟು ಎಲ್ಲ ಚೆನ್ನಾಗಿತ್ತು. ಹಳೆಯ ಫಿಲ್ಮಿನಲ್ಲಿ ಚಿತ್ರದ ಪಕ್ಕದ ಸಣ್ಣ ಪಟ್ಟಿಯಲ್ಲಿ ಧ್ವನಿ ಅಚ್ಚಾಗಿರುತ್ತದೆ. ಒಂಬತ್ತನೆಯ ರೀಲಿನಲ್ಲಿ ಬೂಷ್ಟು ಸರಿಯಾಗಿ ಆ ಅಂಚನ್ನೇ ತಿಂದಿತ್ತು. ಚಿತ್ರ ಸ್ವಚ್ಛ. ಧ್ವನಿಯ ಜಾಗದಲ್ಲಿ ಬಾಣಲೆಯಲ್ಲಿ ಮೆಣಸಿನಕಾಯಿ ಕರಿಯುವಂಥ ಸಪ್ಪಳ.

ಅದೂ ಎಂಥ ರೀಲು! ಶತ್ರುದೇಶದ ಗೂಢಚಾರಿ ಇಳಕಲ್ ಸೀರೆ ವ್ಯಾಪಾರಿಯ ವೇಷದಲ್ಲಿ ಬಾದಾಮಿಯಲ್ಲಿ ತಂಗಿದ್ದಾನೆ. ದಿನಾ ಒಂದೇ ಖಾನಾವಳಿಯಲ್ಲಿ ಊಟ. ಅವನ ಕನ್ನಡದಲ್ಲಿ ಒಂದು ಕೊಂಕೂ ಇಲ್ಲ, ಯಾರಿಗೂ ಸಂಶಯವಿಲ್ಲ. ಒಂಬತ್ತನೆಯ ರೀಲಿನಲ್ಲಿ ಅವನು ಉಂಡು ಎದ್ದು, ಸೀರೆಗಂಟು ಹೆಗಲಿಗೆ ಹಾಕಿಕೊಂಡು, ಹೊಸ್ತಿಲಲ್ಲಿ ನಿಂತು ಖಾನಾವಳಿಯ ಹೆಣ್ಣುಮಗಳಿಗೆ ಏನೋ ಒಂದು ಮಾತು ಹೇಳುತ್ತಾನೆ. ರೊಟ್ಟಿ ಬಡಿಯುತ್ತಿದ್ದ ಅವಳು ಏನೋ ಒಂದು ಮಾತು ಹೇಳುತ್ತಾಳೆ. ಅವನು ತಿರುಗಿ ಒಂದು ಹೆಜ್ಜೆ ಒಳಗಿಟ್ಟು, ತಟ್ಟನೆ ನಿಂತು, ಸಣ್ಣಗೆ ನಕ್ಕು ಹೊರಟುಹೋಗುತ್ತಾನೆ. ಮುಂದಿನ ದೃಶ್ಯದಲ್ಲಿ ಅವಳು ಹಿಟ್ಟಿನ ಕೈಯಲ್ಲೇ ಹೊಂಡದ ಮೆಟ್ಟಿಲಿಗೆ ಓಡಿ ನಾಯಕನನ್ನು ಕಾಣುತ್ತಾಳೆ. ಅದು ದೂರದ ಶಾಟ್. ಅಲ್ಲಿ ಬರೀ ಸಂಗೀತವಿತ್ತೆಂದು ಹಳಬರೆಲ್ಲ ಒಪ್ಪುತ್ತಾರೆ. ಆಮೇಲೆ ಜೀಪು, ಗುಡ್ಡ, ಸೆರೆ.

ಅವಳಿಗೆ ಹೇಗೆ ಗೊತ್ತಾಯಿತು? ಉತ್ತರವಿದ್ದದ್ದು ಹೊಸ್ತಿಲ ಆ ಎರಡು ಮಾತುಗಳಲ್ಲಿ. ಬಿಡುಗಡೆಯ ಕಾಲದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಸಿಕ್ಕಿತು. ಅದರಲ್ಲಿ ಕಥೆಯನ್ನೆಲ್ಲ ಹೇಳಿ, ಸರಿಯಾಗಿ ಈ ಜಾಗಕ್ಕೆ ಬಂದು, ಗುಟ್ಟು ಬಯಲಾದ ಬಗೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಬೇಕೆಂದು ಕೈಮುಗಿದಿದ್ದರು. ಬೆಳ್ಳಿತೆರೆ ಮೂಕವಾಗಿತ್ತು.

ವಿತರಕರಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ.

“ಇದರಾಗ ಡೌಟ್ ಏನೈತಿ ತಂಗಿ? ನಮ್ಮಪ್ಪ ಸಾವಿರ ಸಲ ಹೇಳ್ಯಾನ. ಅಂವ ‘ಹೋಗ್ತೇನಿ’ ಅಂದ, ಸಿಕ್ಕೊಂಡ. ನಮ್ಮ ಮಂದಿ ಹೊಸ್ತಿಲ ದಾಟುವಾಗ ‘ಬರ್ತೇನಿ’ ಅಂತಾರ. ‘ಹೋಗ್ತೇನಿ’ ಅಂತ ಯಾರರ ಅಂತಾರೇನು, ಕೆಟ್ಟ ಬಾಯಿ? ಹೊರಗಿನಾಂವಗ ಅದೆಲ್ಲಿ ಗೊತ್ತಿರ್ತೈತಿ?”

ಕಥೆ ಚೆನ್ನಾಗಿತ್ತು. ಅದೇ ನನಗೆ ಅನುಮಾನ. ಕಾಲೇಜಿನ ಚರ್ಚಾಕೂಟದಲ್ಲಿ ಕಲಿತ ಒಂದು ಚಟ ನನ್ನದು: ಎಲ್ಲರೂ ಒಪ್ಪಿದ ಮಾತಿಗೆ ಮೊದಲು ಸಾಕ್ಷಿ ಕೇಳುವುದು. ಆದರೆ ನಾನು ಕೇಳುವ ಮೊದಲೇ ಅವರು ಪೋಸ್ಟರ್ ಅಚ್ಚು ಹಾಕಿಸಿದ್ದರು. ‘ಹೋಗ್ತೇನಿ ಅಂದ... ಸಿಕ್ಕ!’ ಬಾಗಲಕೋಟೆ, ಬಾದಾಮಿಯ ಗೋಡೆಗಳಿಗೆಲ್ಲ ಅಂಟಿಯೂ ಆಗಿತ್ತು.

ಬಾಗಲಕೋಟೆ ನವನಗರದ ಸ್ಟುಡಿಯೊದಲ್ಲಿ ಆ ಶಾಟನ್ನು ನಿಧಾನಿಸಿ ಹಾಕಿದೆವು. ಸ್ಟುಡಿಯೊ ನಡೆಸುವವನನ್ನು ನಾನು ಅಣ್ಣ ಎನ್ನುತ್ತೇನೆ; ಇಳಕಲ್ಲಿನವನು, ಭಜನಿ ಹಾಡುಗಳನ್ನು ರೆಕಾರ್ಡ್ ಮಾಡಿ ಪಳಗಿದ ಕಿವಿ. ಹೊಸ್ತಿಲಲ್ಲಿ ಗೂಢಚಾರಿಯ ಮುಖ ಪರದೆ ತುಂಬ ಇತ್ತು. ಅವನ ತುಟಿಗಳು ಕೂಡಿದವು. ಆಮೇಲೆ ತೆರೆದವು. ‘ಹೋ’ ಎನ್ನುವಾಗ ತುಟಿ ದುಂಡಗಾಗುತ್ತದೆಯೇ ಹೊರತು ಕೂಡುವುದಿಲ್ಲ.

“ಬರ್ತೇನಿ ಅಂದಾನಲ್ಲೋ ಅಣ್ಣ.”

“ಇನ್ನೊಮ್ಮೆ ಹಾಕ್ತೇನಿ ತಡಿ,” ಅಂದ. ಹಾಕಿದ. ಮತ್ತೆ ಹಾಕಿದ. “ಮುಗೀತು ಬಿಡು. ಪೋಸ್ಟರ್ ಹರಕೊಂಡ ಹೋತು.”

ಗೂಢಚಾರಿ ಸರಿಯಾದ ಮಾತನ್ನೇ ಹೇಳಿದ್ದ. ಹಾಗಾದರೆ ಸಿಕ್ಕಿದ್ದು ಯಾಕೆ?

ವಿತರಕರನ್ನು ಕರೆಸಿ ತೋರಿಸಿದೆ. ಅವರು ನೋಡಿದರು, ಮೀಸೆ ತೀಡಿದರು. “ಮಂದಿ ತುಟಿ ನೋಡಾಕ ಬರಾಂಗಿಲ್ಲ, ಪಿಚ್ಚರ್ ನೋಡಾಕ ಬರ್ತಾರ. ನೀ ‘ಹೋಗ್ತೇನಿ’ ಹಾಕು.”

“ಮುಚ್ಚಿದ ಬಾಯಾಗಿಂದ ‘ಹೋ’ ಬಂದ್ರ ಮಂದಿ ನಗ್ತಾರ್ರಿ. ಆ ಜಾಗಾದಾಗ ನಕ್ಕರ ಮುಂದಿನ ಪಿಚ್ಚರ್ ಪೂರಾ ಕಾಮಿಡಿ.”

“ಭಾಳ ಶಾಣ್ಯಾಕಿ ಅದಿ. ಹಂಗಾರ ನೀನ ಹೇಳು, ಅಕಿಗೆ ಹ್ಯಾಂಗ ಗೊತ್ತಾತು?”

ಎದುರಾಳಿಯ ವಾದ ಕೆಡವಿದ ಮಾತ್ರಕ್ಕೆ ನಮ್ಮ ವಾದ ಗೆದ್ದಂತಲ್ಲ ಎಂಬುದು ಅವರಿಗೂ ಗೊತ್ತಿತ್ತು. ಶುಕ್ರವಾರ ಬಿಡುಗಡೆ, ಧ್ವನಿ ಮಂಗಳವಾರ ಬೆಂಗಳೂರಿನ ಲ್ಯಾಬಿಗೆ ಹೋಗಬೇಕು. “ಅಷ್ಟರಾಗ ಬ್ಯಾರೆ ಕಾರಣ ತಂದರ ತಾ. ಇಲ್ಲಂದ್ರ ನನ್ನ ಪೋಸ್ಟರೇ ಖರೆ,” ಎಂದು ಎದ್ದುಹೋದರು.

ಅವರು ಹೋದ ಮೇಲೆ ಅಣ್ಣ ಹೇಳಿದ: “ಆ ರೊಟ್ಟಿ ಬಡಿಯೋ ಹೆಣ್ಣಮಗಳು ಬಾದಾಮ್ಯಾಗ ಅದಾರ. ಸಾಲಿ ಅಕ್ಕೋರಾಗಿದ್ರು, ರಿಟೈರ್ ಆಗ್ಯಾರ. ಶೂಟಿಂಗ್‌ದವರಿಗೆ ಚಲೋ ರೊಟ್ಟಿ ಬಡಿಯೋ ಹುಡುಗಿ ಬೇಕಾಗಿತ್ತಂತ, ಇವರನ್ನ ಹಿಡದ್ರು. ಅದೊಂದ ಪಿಚ್ಚರ್, ಮತ್ತ ಮಾಡಲಿಲ್ಲ.”

ಭಾನುವಾರ ಹೊರಟೆ. ಹುನಗುಂದದಿಂದ ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಷ್ಟರಲ್ಲೇ ಕರದಂಟಿನ ಡಬ್ಬಿಯೊಂದನ್ನು ಹಿಡಿದುಕೊಂಡಿದ್ದೆ. ಬಾದಾಮಿಯ ಮನೆಯಲ್ಲಿ ಎಪ್ಪತ್ತು ದಾಟಿದ ಅಕ್ಕೋರು ಡಬ್ಬಿಯನ್ನು ತಿರುಗಿಸಿ ನೋಡಿದರು. “ಅಮೀನಗಡದ್ದಾ? ಹಲ್ಲು ಇದ್ದಾಗ ಯಾರೂ ತರಲಿಲ್ಲ ನೋಡು. ಕುಂದ್ರು. ಏನ್ ಕೇಳಾಕ ಬಂದಿ ಕೇಳು.”

“ಹೊಸ್ತಿಲದಾಗ ಅಂವ ಏನಂದ್ರಿ?”

“ಬರ್ತೇನಿ ಅಂದ. ಮದರಾಸಿನಾಂವ, ಕನ್ನಡ ಒಂದಕ್ಷರ ಬರ್ತಿರಲಿಲ್ಲ ಅವಗ. ಗಿಣಿಗತೆ ಬಾಯಿಪಾಠ ಮಾಡಿಸಿದ್ರು.”

ತುಟಿಯೊಂದಿಗೆ ತಾಳೆಯಾಯಿತು. ನಾನು ನೆಟ್ಟಗೆ ಕೂತೆ. “ನೀವೇನಂದ್ರಿ?”

“ನನಗ ‘ಹೋಗಿ ಬನ್ನಿ’ ಅನ್ನಬೇಕು ಅಂತ ಬರದುಕೊಟ್ಟಿದ್ರು. ನಮ್ಮನ್ಯಾಗ ಯಾರವ್ವಾ ಹಂಗ ರಾಗ ಎಳದು ಅಂತಾರ? ಕೈಯಾಗ ರೊಟ್ಟಿ. ಅಂವ ‘ಬರ್ತೇನಿ’ ಅಂದ ಕೂಡಲೇ ರೂಢಿ ಪ್ರಕಾರ ‘ಬರ್ರಿ’ ಅಂದುಬಿಟ್ಟೆ. ಆ ಪುಣ್ಯಾತ್ಮ ನಾ ಕರದೆ ಅಂತ ತಿಳದು ಖರೇನ ತಿರುಗಿ ಒಳಗ ಬಂದ!” ಅಕ್ಕೋರು ಮೊಣಕಾಲು ಬಡಿದು ನಕ್ಕರು. “ಡೈರೆಕ್ಟರು ಹೊಟ್ಟಿ ಹಿಡಕೊಂಡು ನಕ್ಕು, ಆಮ್ಯಾಲೆ ಸುಮ್ಮನಾಗಿ, ‘ಇದ ಇರಲಿ, ಇವ ಇಲ್ಲೇ ಸಿಗಬೇಕು’ ಅಂದ್ರು.”

ನಮ್ಮಲ್ಲಿ ಹೊರಡುವವರು ‘ಬರ್ತೇನಿ’ ಎನ್ನುತ್ತಾರೆ, ಕಳಿಸುವವರು ‘ಬರ್ರಿ’ ಎನ್ನುತ್ತಾರೆ. ಎರಡರ ಅರ್ಥವೂ ಹೋಗುವುದೇ. ಮೊದಲನೆಯದನ್ನು ಯಾವ ಗೂಢಚಾರಿಗಾದರೂ ಕಲಿಸಿ ಕಳಿಸಬಹುದು. ಎರಡನೆಯದು ಬರಬೇಕಾದರೆ ಇಲ್ಲಿಯ ಮನೆಗಳಿಂದ ನೂರಾರು ಸಲ ಹೊರಟಿರಬೇಕು.

ಆದರೆ ಇದೂ ಚೆನ್ನಾದ ಕಥೆಯೇ. ಪೋಸ್ಟರಿನ ಕಥೆಗೆ ಕೇಳಿದ ಸಾಕ್ಷಿಯನ್ನು ಇದಕ್ಕೆ ಕೇಳದೆ ಬಿಟ್ಟರೆ ನಾನು ಯಾವ ಸೀಮೆಯ ವಾದಿ?

“ನೀವು ಅವನ ಮುಖ ನೋಡಿ ‘ಬರ್ರಿ’ ಅಂದ್ರೇನ್ರಿ?”

“ಹೂಂ ಮತ್ತ. ಕಣ್ಣಾಗ ಕಣ್ಣಿಟ್ಟು.”

ಮೊಬೈಲಿನಲ್ಲಿ ಆ ದೃಶ್ಯ ಹಾಕಿ ಮುಂದಿಟ್ಟೆ. ಪರದೆಯ ಮೇಲಿನ ಹುಡುಗಿ ಬಗ್ಗಿದ ತಲೆ ಎತ್ತಲೇ ಇಲ್ಲ. ಸೆರಗಿನ ನೆರಳಲ್ಲಿ ಅವಳ ಬಾಯಿಯೂ ಕಾಣುವುದಿಲ್ಲ. ಅಕ್ಕೋರು ಕನ್ನಡಕ ಏರಿಸಿ ಎರಡು ಸಲ ನೋಡಿದರು. ನಗು ಇಳಿಯಿತು.

“ನೋಡಿದ್ದೆ ಅಂತನ ತಿಳದಿದ್ದೆ ಇಷ್ಟು ವರ್ಷ,” ಅಂದರು.

ನಾನು ಬಿಡಲಿಲ್ಲ. “ಪಿಚ್ಚರ್ ಬಿಡುಗಡೆ ಆದಾಗ ನೋಡಿದ್ರೇನ್ರಿ? ಟಾಕೀಸಿನಾಗ ಆ ಜಾಗಾಕ್ಕ ಏನು ಕೇಳಿಸ್ತು?”

ಇಲ್ಲಿ ಅವರು ‘ಬರ್ರಿ’ ಎಂದಿದ್ದರೆ ನನ್ನಲ್ಲಿ ಮರುಪ್ರಶ್ನೆ ಇರುತ್ತಿರಲಿಲ್ಲ. ಅವರು ಕಿಟಕಿಯ ಕಡೆ ನೋಡಿದರು.

“ಹೋಗಿ ಬನ್ನಿ. ನನ್ನ ದನಿ ಅಲ್ಲ ಅದು. ಮದರಾಸಿನಾಗ ಯಾರೋ ಬರದದ್ದನ್ನ ನೋಡಿ ಹೇಳಿದ್ರು. ಹಳೇ ಬಾಗಲಕೋಟಿ ಟಾಕೀಸಿನಾಗ ನಮ್ಮಪ್ಪನ ಬಾಜೂಕ ಕುಂತು ಕೇಳಿದೆ. ಅಂವ ಯಾಕ ತಿರುಗಿ ಬಂದ ಅಂತ ಯಾರಿಗೂ ತಿಳೀಲಿಲ್ಲ. ಏನೋ ಮರತಿರಬೇಕು ಅಂದ್ರು ಮಂದಿ. ಆ ಟಾಕೀಸು ಈಗ ಡ್ಯಾಮಿನ ಹಿನ್ನೀರಾಗ ಐತಿ. ನನ್ನ ಮಾತು ಅದಕ್ಕೂ ಮೊದಲ ಮುಳುಗಿತ್ತು.”

ನನ್ನ ಕಸುಬಿಗೆ ಇನ್ನೊಂದು ನಿಯಮವಿದೆ. ಹಳೆಯ ಚಿತ್ರವನ್ನು ಸರಿಪಡಿಸುವಾಗ ಅಂದು ಕೇಳಿಸಿದ್ದನ್ನೇ ಕೇಳಿಸಬೇಕು; ಕೇಳಿಸಬೇಕಾಗಿತ್ತು ಎಂದು ನಮಗೆ ಅನಿಸಿದ್ದನ್ನಲ್ಲ. ಹೇಳಲೇಬೇಕಾಯಿತು. “ಅಕ್ಕೋರ, ನಿಮ್ಮ ಸಾಕ್ಷಿ ಪ್ರಕಾರನ ಅಲ್ಲಿ ‘ಹೋಗಿ ಬನ್ನಿ’ ಹಾಕಬೇಕಾಗ್ತದ್ರಿ.”

“ಭೇಷ್. ಸುಳ್ಳು ಹೇಳಿದ್ರ ಪಾಸು, ಖರೇ ಹೇಳಿದ್ದಕ್ಕ ನಾಪಾಸು. ಯಾವ ಸಾಲ್ಯಾಗ ಕಲತಿ ಇದನ್ನ?” ಡಬ್ಬಿಯನ್ನು ನನ್ನ ಕಡೆ ಸರಿಸಿದರು. “ಈ ಸಲ ನೀ ಹಾಕಿದ್ದ ಕಾಯಂ ಆಗ್ತೈತಿ, ಹೌದಿಲ್ಲೋ? ನನ್ನ ಮಕ್ಕಳು ಸೈತ ಇದನ್ನ ಕಟ್ಟಕಥಿ ಅಂತಾರ. ಇನ್ನ ಮೊಮ್ಮಕ್ಕಳೂ ಅಂತಾವ. ಆಗಲಿ, ಬಾ.”

ಆ ‘ಬಾ’ ಯಾವುದು ಎಂದು ನನಗೆ ತಿಳಿಯಿತು. ಎದ್ದು ಬಂದೆ.

ಬಸ್ಸಿನಲ್ಲಿ ನನ್ನದೇ ಎರಡು ಬಾಯಿ ಜಗಳವಾಡಿದವು. ಅವರ ನೆನಪು ಒಂದು ಕಡೆ ಸುಳ್ಳಾಗಿದೆ, ನಂಬಬೇಡ. ಆದರೆ ತನಗೇ ನಷ್ಟವಾಗುವ ಮಾತನ್ನು ಸಾಕ್ಷಿ ತಾನಾಗಿ ಹೇಳಿದರೆ ಅದಕ್ಕೆ ತೂಕ ಹೆಚ್ಚು. ತೂಕ ಹೆಚ್ಚಾದರೂ ಅದು ಪುರಾವೆಯಲ್ಲ. ಪುರಾವೆ ಬೇಕಾದರೆ ಚಿತ್ರದಲ್ಲೇ ಹುಡುಕಬೇಕು. ಬಾಯಿ ಕಾಣದಿದ್ದರೆ ಮತ್ತೇನು ಕಾಣುತ್ತದೆ? ಕೈ.

ಸೋಮವಾರ ಬೆಳಿಗ್ಗೆ ಸ್ಟುಡಿಯೊದ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದೆ. ಚಿತ್ರದಲ್ಲಿ ಅವಳ ಅಂಗೈ ರೊಟ್ಟಿಯ ಮೇಲೆ ಒಂದೇ ಲಯದಲ್ಲಿ ಬೀಳುತ್ತದೆ. ಗೂಢಚಾರಿಯ ಮಾತು ಮುಗಿದ ಮೇಲೆ ಒಂದು ಏಟು ತಪ್ಪುತ್ತದೆ, ಮತ್ತೆ ಶುರುವಾಗುತ್ತದೆ. ಅವಳು ಮಾತಾಡಿದ್ದು ಆ ಬಿಡುವಿನಲ್ಲಿ. ನಾನೇ ಮೈಕಿನ ಮುಂದೆ ನಿಂತು ‘ಹೋಗಿ ಬನ್ನಿ’ ಎಂದೆ. ಅಣ್ಣ ಅದನ್ನು ಆ ಬಿಡುವಿನಲ್ಲಿ ಕೂಡಿಸಿದ. ಮಾತಿನ ಬಾಲ ಮುಂದಿನ ಏಟಿನ ಮೇಲೆ ಬಿತ್ತು. ‘ಬರ್ರಿ’ ಎಂದೆ. ಡಬ್ಬಿಗೆ ಮುಚ್ಚಳ ಕೂತಂತೆ ಕೂತಿತು.

“ಗಡಬಡಿಸಿ ಅಂದ್ರ ‘ಹೋಗಿ ಬನ್ನಿ’ನೂ ಕುಂದರ್ತೈತಿ,” ಎಂದ ಅಣ್ಣ. ನನಗಿಂತ ಸಂಶಯದವನು. ಗಡಬಡಿಸಿ ಹೇಳಿದೆ. ಕೂತಿತು.

“ಈಗ ಅವನ ಕಾಲು ನೋಡೋಣ,” ಎಂದೆ.

ಅದೇ ಶಾಟಿನ ಹಿಂಬದಿಯಲ್ಲಿ ಗೂಢಚಾರಿಯ ಹಿಮ್ಮಡಿ ತಿರುಗಲು ಶುರುವಾಗುವ ಹೊತ್ತಿಗೆ, ಎಷ್ಟೇ ಗಡಬಡಿಸಿದರೂ ‘ಹೋಗಿ’ ಎಂಬಷ್ಟೇ ಮುಗಿದಿರುತ್ತಿತ್ತು. ‘ಹೋಗಿ’ ಎಂದು ಕೇಳಿದವನು ಯಾಕೆ ಒಳಗೆ ಬರುತ್ತಾನೆ? ಅಣ್ಣ ಕುರ್ಚಿಗೆ ಒರಗಿದ. “ಅಕ್ಕೋರು ‘ಬರ್ರಿ’ನ ಅಂದಾರ. ಮಾತಿಲ್ಲ.”

ಅಂದದ್ದು ‘ಬರ್ರಿ’, ಕೇಳಿಸಿದ್ದು ‘ಹೋಗಿ ಬನ್ನಿ’. ಯಾವುದು ಚಿತ್ರ? ನನ್ನ ನಿಯಮ ಎರಡನೆಯದನ್ನು ಹೇಳುತ್ತಿತ್ತು. ಆದರೆ ಆ ಮದರಾಸಿನ ಧ್ವನಿ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. ನಾನು ‘ಹೋಗಿ ಬನ್ನಿ’ ಹಾಕಿದರೂ ಅದು ಹೊಸ ದನಿ, ಹಳೆಯದರ ನಟನೆ. ಹೇಗಿದ್ದರೂ ಹೊಸದನ್ನೇ ಹಾಕುವುದಾದರೆ, ಉಳಿದಿರುವ ಒಂದೇ ಸಾಕ್ಷಿಗೆ, ಆ ಚಿತ್ರಕ್ಕೆ ನಾನು ಉತ್ತರ ಕೊಡಬೇಕು. ಮತ್ತು ಹೊಸದು ಎಂದು ಬಾಯಿಬಿಟ್ಟು ಹೇಳಬೇಕು: ಚಿತ್ರ ಶುರುವಾಗುವ ಮೊದಲೇ, ಒಂಬತ್ತನೆಯ ರೀಲಿನ ಧ್ವನಿ ನಾವು ಹೊಸದಾಗಿ ಕೂಡಿಸಿದ್ದೆಂದು ಪರದೆಯ ಮೇಲೆ ಬರೆಯಬೇಕು.

ಇಷ್ಟನ್ನೂ ವಿತರಕರ ಆಫೀಸಿಗೆ ಹೋಗಿ ಹೇಳಿದೆ. ಅವರು ಅರ್ಧ ಕೇಳಿದರು, ಅರ್ಧ ಫೋನಿನಲ್ಲಿದ್ದರು. “ನಿನ್ನ ಕೈ, ಕಾಲು, ಹಿಮ್ಮಡಿ ಎಲ್ಲಾ ಖರೆ ತಂಗಿ. ಮಂದಿಗೆ ತಿಳೀಬೇಕಲ್ಲ? ‘ಬರ್ರಿ’ ಅಂದ್ರ ಏನು ಮಹಾ? ‘ಹೋಗ್ತೇನಿ’ನ ಇರಲಿ.” ಮತ್ತೆ ಫೋನ್ ಕಿವಿಗೆ ಹೋಯಿತು.

ವಾದ ಮುಗಿದಿತ್ತು, ನಾನು ಸೋತಿದ್ದೆ. ಎದ್ದು ಬಾಗಿಲಿಗೆ ಹೋಗಿ, “ಬರ್ತೇನ್ರಿ,” ಎಂದೆ.

“ಹಾಂ, ಬರ್ರಿ,” ಎಂದರು ಫೋನ್ ತೆಗೆಯದೆ, ಯಾರಿಗೆಂದೂ ನೋಡದೆ.

ಆಗ ಹೊಳೆಯಿತು. ತಿರುಗಿ ಬಂದು ಅವರೆದುರಿನ ಕುರ್ಚಿಯಲ್ಲಿ ಕೂತೆ.

ಅವರು ಮಾತು ಮುಂದುವರಿಸಿದರು, ನನ್ನನ್ನು ನೋಡಿದರು, ಹುಬ್ಬು ಗಂಟಿಕ್ಕಿದರು. “ಮತ್ಯಾಕ ಬಂದಿ?”

“ನೀವ ‘ಬರ್ರಿ’ ಅಂದ್ರಲ್ಲರಿ.”

“ನಾ ಯಾವಾಗ...” ಎಂದವರ ಮಾತು ಅಲ್ಲೇ ನಿಂತಿತು. ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು. ನನ್ನನ್ನು, ಬಾಗಿಲನ್ನು, ಮತ್ತೆ ನನ್ನನ್ನು ನೋಡಿದರು. “ಯಪ್ಪಾ... ಹುಚ್ಚಿ ಅದಿ ನೀ. ಒಂದು ಗಳಿಗಿ ನೀ ಯಾವ ದೇಶದಾಕಿ ಅನಿಸಿಬಿಡ್ತು.” ಫೋನ್ ಮೇಜಿನ ಮೇಲಿಟ್ಟರು. “ಪೋಸ್ಟರಿಗೆ ಬಿಳಿ ಪಟ್ಟಿ ಹಚ್ಚಸ್ತೇನಿ. ನಡಿ, ನಿನ್ನ ‘ಬರ್ರಿ’ ಮಾಡು.”

ಯಾರ ದನಿಯಲ್ಲಿ? ಗೂಢಚಾರಿಯ ಒಂದು ಮಾತನ್ನು ಅಣ್ಣನೇ ಹೇಳಿಬಿಟ್ಟ. ಹೆಣ್ಣುಮಗಳದ್ದಕ್ಕೆ ನನ್ನ ದನಿ ಸಾಕು ಎಂದ. “ಮುಖ ಇಪ್ಪತ್ತರದ್ದು, ಅಕ್ಕೋರ ದನಿ ಎಪ್ಪತ್ತರದ್ದು. ಕೂಡಂಗಿಲ್ಲ.” ಹೆದರಿಕೆ ನನಗೂ ಇತ್ತು. ಆದರೆ ಅಷ್ಟು ಗಿಡ್ಡ ಮಾತು, ಅದೂ ಬಗ್ಗಿ, ರಟ್ಟೆಗೆ ಕೆಲಸ ಕೊಟ್ಟು ಹೇಳಿದರೆ ವಯಸ್ಸು ಅಡಗಬಹುದು. ಪ್ರಯತ್ನಿಸದೆ ‘ಆಗುವುದಿಲ್ಲ’ ಎನ್ನುವ ಹಕ್ಕು ನಮಗಿರಲಿಲ್ಲ. ಮಧ್ಯಾಹ್ನವೇ ಮೈಕು ಕಟ್ಟಿಕೊಂಡು ಬಾದಾಮಿಗೆ ಹೋದೆವು.

ಅಕ್ಕೋರು ನನ್ನನ್ನು ಕಂಡು, “ಮತ್ಯಾವ ಪರೀಕ್ಷಾ?” ಎಂದರು. ಹೇಳಿದೆ. ಅವರು ಒಳಗೆ ಹೋಗಿ ಜೋಳದ ಹಿಟ್ಟು ಕಲಸಲು ಕೂತರು.

ಕೆಲಸ ಕೆಟ್ಟದ್ದು ಎರಡು ಕಡೆಯಿಂದ. ಮೇಲೆ ತಗಡಿನ ಮಾಡಿನಲ್ಲಿ ಮಂಗಗಳು. ಪ್ರತಿ ಸಲ ಅಕ್ಕೋರು ಬಾಯಿ ತೆರೆದಾಗ ಮೇಲೊಂದು ದಡಕ್. ಅಣ್ಣ ಕೋಲು ಹಿಡಿದು ಹೊರಗೆ ಹೋಗಿ ಬರುವುದೇ ಒಂದು ಕೆಲಸವಾಯಿತು. ಇನ್ನೊಂದು ತೊಂದರೆ ಅಕ್ಕೋರದ್ದೇ. ನಾನು ಹೊಸ್ತಿಲಲ್ಲಿ ನಿಂತು ‘ಬರ್ತೇನ್ರಿ’ ಎನ್ನಬೇಕು, ಅವರು ಉತ್ತರಿಸಬೇಕು. “ಬರ್ರೀ,” ಎಂದರು. ಕಳೆದುಹೋದದ್ದೆಲ್ಲ ಆ ದೀರ್ಘದಲ್ಲಿತ್ತು. ಅದು ಕರೆಯುವ ‘ಬರ್ರಿ’. ಕಳಿಸುವ ‘ಬರ್ರಿ’ ಅಲ್ಲ. ಹಾಗೆ ಕರೆದರೆ ಯಾರು ಬೇಕಾದರೂ ತಿರುಗಿ ಬರುತ್ತಾರೆ, ಗೂಢಚಾರಿಯೇ ಆಗಬೇಕಿಲ್ಲ.

“ಅಷ್ಟು ಪ್ರೀತೀಲೆ ಬ್ಯಾಡ್ರಿ ಅಕ್ಕೋರ.”

“ಪ್ರೀತಿ ಯಾರಿಗೈತಿ ಇಲ್ಲಿ? ಅನ್ನು ಇನ್ನೊಮ್ಮೆ.”

ಅಂದೆ, ಅಂದರು. ಮಂಗ. ಅಂದೆ, ಅಂದರು. ರಾಗ. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಅಣ್ಣ ನನ್ನ ಕಡೆ ನೋಡಿ ತಲೆಯಾಡಿಸಿದ. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಅಕ್ಕೋರು ಅದನ್ನು ತಿರುವಿ ಹಾಕಿದರು, ಕೈ ಸುಟ್ಟುಕೊಂಡರು. ಮೇಲೆ ದಡಕ್. “ಸಾಕ್ರಿ ನಿಮ್ಮ ರೆಕಾರ್ಡಿಂಗು,” ಎಂದು ಮುಂದಿನ ಹಿಟ್ಟು ಬಡಿಯತೊಡಗಿದರು. ಆ ಸಿಟ್ಟನ್ನು ಕಂಡು ನಾನು ಅಣ್ಣನಿಗೆ ಮೈಕು ಬಿಡಬೇಡ ಎಂದು ಸನ್ನೆ ಮಾಡಿ, ಹೊಸ್ತಿಲಿಂದ “ಬರ್ತೇನ್ರಿ,” ಎಂದೆ.

“ಬರ್ರಿ.”

ಹಿಟ್ಟಿನಷ್ಟೇ ಒಣ, ರೊಟ್ಟಿಯಷ್ಟೇ ಚಪ್ಪಟೆ. ತಲೆ ಎತ್ತಲಿಲ್ಲ. ನಾವು ತೊಲಗಿದರೆ ಸಾಕಾಗಿತ್ತು ಅವರಿಗೆ. ಮಂಗಗಳೂ ಸುಮ್ಮನಿದ್ದವು.

ಅಣ್ಣ ಹೆಡ್‌ಫೋನನ್ನು ಅವರ ಕಿವಿಗಿಟ್ಟ. ಕೇಳಿದರು. “ಇದು ನಂದಲ್ಲ,” ಅಂದರು ಮೆಲ್ಲಗೆ. “ನಮ್ಮವ್ವನ ದನಿ.”

ಶುಕ್ರವಾರ ಬಾಗಲಕೋಟೆಯ ಟಾಕೀಸಿನಲ್ಲಿ ಮಧ್ಯಾಹ್ನದ ಆಟ. ಪೋಸ್ಟರಿನ ಬಿಳಿ ಪಟ್ಟಿಯ ಕೆಳಗೆ ಏನಿದೆಯೆಂದು ಕೆರೆದು ನೋಡಿದವರೇ ಹೆಚ್ಚು. ಹಾಗಾಗಿ ‘ಹೋಗ್ತೇನಿ’ ಎಲ್ಲರಿಗೂ ಗೊತ್ತಿತ್ತು. ಮೊದಲೇ ಬಂದ ನಮ್ಮ ಸೂಚನೆಯನ್ನು ಎಷ್ಟು ಜನ ಓದಿದರೋ. ಅಕ್ಕೋರು ನನ್ನ ಪಕ್ಕದಲ್ಲಿ, ಇಳಕಲ್ ಸೀರೆಯ ಸೆರಗನ್ನು ಬಿಗಿಯಾಗಿ ಹೊದ್ದು ಕೂತಿದ್ದರು. ಒಂಬತ್ತನೆಯ ರೀಲು ಬಂತು. ಗೂಢಚಾರಿ ಸೀರೆಗಂಟು ಎತ್ತಿಕೊಂಡ.

ಮುಂದಿನ ಸಾಲಿನಿಂದ ಒಬ್ಬ ಕೂಗಿದ: “ಈಗ ಹೋಗ್ತೇನಿ ಅಂತಾನ ನೋಡಲೇ!”

“ಬರ್ತೇನಿ,” ಎಂದ ಗೂಢಚಾರಿ.

ಗುಜುಗುಜು ಎದ್ದಿತು. “ಬರ್ತೇನಿ ಅಂದನಲ್ಲಲೇ!” ಆ ಗದ್ದಲದಲ್ಲಿ ಮುಂದಿನ ಮಾತು ಮುಳುಗಿಹೋಗುತ್ತದೆ ಎಂದು ನಾನು ಕುರ್ಚಿಯ ಕೈ ಹಿಡಿದೆ. ರೊಟ್ಟಿಯ ಏಟು ನಿಂತಿತು.

“ಬರ್ರಿ.”

ಅವನು ತಿರುಗಿ ಹೆಜ್ಜೆ ಒಳಗಿಟ್ಟ. ನಿಂತ. ನಕ್ಕ. ಟಾಕೀಸಿನಲ್ಲಿ ಒಂದು ಉಸಿರೂ ಇಲ್ಲ. ಯಾರಿಗೂ ತಿಳಿಯಲಿಲ್ಲ, ವಿತರಕರು ಹೇಳಿದ್ದೇ ಸರಿ ಎಂದುಕೊಂಡೆ. ಅವರು ಕೊನೆಯ ಸಾಲಿನಲ್ಲಿ ನಿಂತಿದ್ದರು. ಆ ಕಡೆ ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಆಗ ಹಿಂದಿನಿಂದ ಒಬ್ಬ ಹೆಂಗಸಿನ ದನಿ, ತನ್ನಷ್ಟಕ್ಕೇ ಎಂಬಂತೆ: “ಅಯ್ಯ ನಮ್ಮವ್ವಾ, ಬರ್ರಿ ಅಂದ್ರ ಬಂದ ಬಿಟ್ನಲ್ಲಬೇ!”

ಒಂದು ಕ್ಷಣ. ಆಮೇಲೆ ಇಡೀ ಟಾಕೀಸು ಒಟ್ಟಿಗೆ ತಿಳಿದುಕೊಂಡಿತು. “ಸಿಕ್ಕ! ಸಿಕ್ಕ ಮಗಾ!” ಶಿಳ್ಳೆ, ಚಪ್ಪಾಳೆ. ಪರದೆಯ ಮೇಲೆ ಹುಡುಗಿ ಹಿಟ್ಟಿನ ಕೈಯಲ್ಲಿ ಎದ್ದು ಓಡುವಾಗ ಜನ ಅವಳಿಗಿಂತ ಮೊದಲೇ ಎದ್ದು ನಿಂತಿದ್ದರು.

ಅಕ್ಕೋರು ಮಾತ್ರ ಎದ್ದಿರಲಿಲ್ಲ. ಅವರು ನನ್ನ ಮುಂಗೈ ಹಿಡಿದು, ಗದ್ದಲದ ನಡುವೆ ಕೇಳಲೆಂದು ಕಿವಿಯ ಹತ್ತಿರ ಬಂದರು.

“ನಾ ತಲಿ ಎತ್ತಿಲ್ಲ ನೋಡು,” ಅಂದರು. “ನೀ ಅಂದದ್ದ ಖರೆ.”